ಅರುಂಧತಿಗೆ ಅಡ್ಡ ಬಂದ ಹೋಳಿಗೆ

ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು ಹೀಗೆ ಹೇಳಬಾರದು, ಆದರೂ ಹೇಳಿಬಿಡುತ್ತೇನೆ: ನಕ್ಷತ್ರ ನೋಡುವ ಯೋಗ ನನ್ನ ಜಾತಕದಲ್ಲೇ ಬರೆದಿಲ್ಲ. ಮೋಡ ಮುಚ್ಚಿದ ರಾತ್ರಿ ಏನೂ ಕಾಣದಿದ್ದರೆ ಅದು ಎಲ್ಲರಿಗೂ ಬರುವ ಕಷ್ಟ, ಅದಕ್ಕೆ ಯಾರನ್ನೂ ದೂರುವಂತಿಲ್ಲ. ನನ್ನ ಕೈತಪ್ಪಿ ಹೋಗುವುದು ಮಾತ್ರ ಯಾವಾಗಲೂ ತಿಳಿಯಾದ ರಾತ್ರಿಗಳೇ. ಆಕಾಶ ಒರೆಸಿ ಇಟ್ಟಂತಿರುತ್ತದೆ, ಒಂದು ಎಳೆ ಮೋಡ ಇರುವುದಿಲ್ಲ, ಗಾಳಿಯೂ ಹಿತವಾಗಿ ಬೀಸುತ್ತಿರುತ್ತದೆ. ಸರಿಯಾಗಿ ಆ ಹೊತ್ತಿಗೆ ಬಾಗಿಲಲ್ಲಿ ಯಾರೋ ಚಪ್ಪಲಿ ಬಿಡುವ ಸದ್ದಾಗುತ್ತದೆ, ಇಲ್ಲವೇ ಒಲೆಯ ಮೇಲೆ ಹಾಲು ಉಕ್ಕುತ್ತದೆ.

ಒಂದು ಡಿಸೆಂಬರಿನಲ್ಲಿ ಉಲ್ಕೆಗಳು ಸುರಿಯುವ ರಾತ್ರಿ ಬಂತು. ಬೋರ್ಡಿನ ಮೇಲೆ ಚಿತ್ರ ಬರೆದು, ಯಾವ ದಿಕ್ಕಿಗೆ ಮುಖ ಮಾಡಿ ಮಲಗಬೇಕು, ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಎಷ್ಟು ಹೊತ್ತು ಬೇಕು ಎಂದೆಲ್ಲ ಮಕ್ಕಳಿಗೆ ವಿವರಿಸಿ ಕಳಿಸಿದೆ. ಮಾರನೆಯ ದಿನ ಅವರು ಒಬ್ಬರ ಮೇಲೊಬ್ಬರು ಬಿದ್ದು ವರದಿ ಒಪ್ಪಿಸಿದರು. "ನೀವು ಎಷ್ಟು ನೋಡಿದ್ರಿ ಮಿಸ್?" ಎಂದು ಕೇಳಿದರು. ಮಿಸ್ ಹಿಂದಿನ ರಾತ್ರಿ ಅವರೆಕಾಯಿ ಸುಲಿಯುತ್ತ ಮೊರದೊಳಗೆ ತಲೆ ತಗ್ಗಿಸಿ ಕೂತಿದ್ದರು. ಹಿತುಕಿದ ಬೇಳೆ ಸಾರಿನ ಮುಂದೆ ಉಲ್ಕೆ ಯಾವ ಲೆಕ್ಕ ಎಂದು ಮಕ್ಕಳಿಗೆ ಹೇಳುವುದು ಹೇಗೆ? "ಪುಸ್ತಕ ತೆಗೀರಿ" ಎಂದೆ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಎನ್ನುತ್ತಾರಲ್ಲ, ನನ್ನ ಪಾಲಿಗೆ ಅದು ಅವರೆಕಾಯಿ.

ಹಾಗೆಂದು ನಮ್ಮ ಕಡೆಯವರು ಆಕಾಶ ನೋಡುವುದೇ ಇಲ್ಲ ಎನ್ನಬೇಡಿ. ನೋಡುತ್ತಾರೆ, ಆದರೆ ಅಪ್ಪಣೆ ಆಗಬೇಕು. ಯುಗಾದಿಯ ಮಾರನೆಯ ದಿನದ ಚಂದ್ರನನ್ನು ನೋಡಲೇಬೇಕು. ಚೌತಿಯ ಚಂದ್ರನನ್ನು ನೋಡಲೇಬಾರದು, ನೋಡಿದರೆ ಕದಿಯದ ವಸ್ತುವಿಗೆ ಕಳ್ಳರಾಗುತ್ತೇವೆ. ಗ್ರಹಣ ಬಂದರೆ ಆಕಾಶ ಹಾಗಿರಲಿ, ಕಿಟಕಿಯ ಕಡೆಗೂ ಮುಖ ಮಾಡುವಂತಿಲ್ಲ. ಇನ್ನು ಮದುವೆಯ ದಿನ ನಡು ಮಧ್ಯಾಹ್ನ, ಬಿಸಿಲು ನೆತ್ತಿ ಸುಡುವಾಗ, ಪುರೋಹಿತರು ಗಂಡು ಹೆಣ್ಣನ್ನು ಕಲ್ಯಾಣ ಮಂಟಪದ ಹೊರಗೆ ತಂದು ನಿಲ್ಲಿಸಿ, ನೀರಿನ ಟ್ಯಾಂಕಿನ ಕಡೆ ಬೆರಳು ಮಾಡಿ "ಅರುಂಧತಿ ನಕ್ಷತ್ರ ಕಾಣ್ತಾ?" ಎಂದು ಕೇಳುತ್ತಾರೆ. ಒಳಗೆ ಎಲೆ ಹಾಕಿರುತ್ತಾರೆ, ಅನ್ನ ಆರುತ್ತಿರುತ್ತದೆ. "ಕಾಣಲ್ಲ" ಎಂದ ಮದುಮಗ ಇನ್ನೂ ಹುಟ್ಟಿಲ್ಲ. ನಮ್ಮ ಮದುವೆಯಲ್ಲಿ ನಾನೂ ಕಾಣ್ತು ಅಂದೆ, ನಮ್ಮ ಮನೆಯವರೂ ಕಾಣ್ತು ಅಂದರು, ಎದುರಿಗಿದ್ದ ಫೋಟೋಗ್ರಾಫರ್ ಕೂಡ "ಕಾಣ್ತು ಕಾಣ್ತು, ಸ್ವಲ್ಪ ಈ ಕಡೆ ನೋಡ್ರಿ" ಎಂದ.

ಅರುಂಧತಿಯನ್ನು ರಾತ್ರಿಯ ಹೊತ್ತು ನಿಜವಾಗಿ ಕಣ್ಣಾರೆ ನೋಡುವ ಪದ್ಧತಿ ನಾನು ಕಂಡಂತೆ ಇದ್ದದ್ದು ಒಬ್ಬರಿಗೆ ಮಾತ್ರ. ಅವರು ನಮ್ಮತ್ತೆ ಹಾಲಮ್ಮ. ಚನ್ನಗಿರಿಯ ನಮ್ಮ ಬೀದಿಯಲ್ಲಿ ಎಲ್ಲರೂ ಯುಗಾದಿ ಚಂದ್ರನನ್ನು ನೋಡಿ, ಹಿರಿಯರ ಕಾಲಿಗೆ ಬಿದ್ದು, ಒಳಗೆ ಹೋಗಿ ಟೀವಿ ಹಾಕಿಕೊಂಡರೆ, ಅತ್ತೆಯದು ಅಲ್ಲಿಗೆ ಮುಗಿಯುತ್ತಿರಲಿಲ್ಲ. ಊಟವಾದ ಮೇಲೆ ತಾರಸಿ ಹತ್ತಿ ಉತ್ತರಕ್ಕೆ ತಿರುಗಿ ನಿಲ್ಲುತ್ತಿದ್ದರು. ಸೌಟನ್ನು ನೆಟ್ಟಗೆ ನಿಲ್ಲಿಸಿದಂತೆ ಸಪ್ತರ್ಷಿ ಮಂಡಲ ಆ ಹೊತ್ತಿಗೆ ಮೇಲೇರುತ್ತಿರುತ್ತದೆ. ಸೌಟಿನ ಹಿಡಿಯ ನಡುವಿನ ಚುಕ್ಕಿ ವಸಿಷ್ಠ. ಅದರ ಮಗ್ಗುಲಿಗೆ ಅಂಟಿಕೊಂಡಂತೆ ಮಿಣುಕುವ ಇನ್ನೊಂದು ಪುಟ್ಟ ಚುಕ್ಕಿ ಅರುಂಧತಿ. ಅದು ಕಾಣದವರು ಆರು ತಿಂಗಳಿಗಿಂತ ಹೆಚ್ಚು ಬದುಕುವುದಿಲ್ಲ ಎಂದು ಅವರ ತವರಿನಲ್ಲಿ ಹಿರಿಯರು ಹೇಳುತ್ತಿದ್ದರಂತೆ. ಅತ್ತೆ ಪ್ರತಿ ಯುಗಾದಿಗೂ ಅದನ್ನು ನೋಡಿ, ಬಸ್ ಪಾಸ್ ಹೊಸದು ಮಾಡಿಸಿಕೊಂಡವರ ಹಾಗೆ ನಿರಾಳವಾಗಿ ಕೆಳಗಿಳಿಯುತ್ತಿದ್ದರು. "ಪಾಸು ಆರು ತಿಂಗಳಿಗೆ ಮಾತ್ರ ಅಲ್ವಾ ಅತ್ತೆ, ಉಳಿದ ಆರು ತಿಂಗಳಿಗೆ?" ಎಂದು ಒಮ್ಮೆ ಕೆಣಕಿದ್ದೆ. "ಅದು ದೇವ್ರ ಭಾರ" ಎಂದಿದ್ದರು.

ಹೋದ ವರ್ಷ ಯುಗಾದಿಗೆ ಅತ್ತೆ ತಾರಸಿಯ ಮೇಲೆ ಬಹಳ ಹೊತ್ತು ನಿಂತರು. ಕೈಯನ್ನು ಹುಬ್ಬಿಗೆ ಅಡ್ಡ ಹಿಡಿದರು, ಸೆರಗಿನಿಂದ ಕಣ್ಣೊರೆಸಿಕೊಂಡರು, ಗೋಡೆ ಹಿಡಿದು ಆ ಮೂಲೆಯಿಂದ ಈ ಮೂಲೆಗೆ ಬಂದರು. ಕೊನೆಗೆ ನನ್ನ ಕಡೆ ತಿರುಗಿ, ಉಪ್ಪು ಮುಗಿದಿದೆ ಎಂದು ಹೇಳುವವರ ದನಿಯಲ್ಲಿ, "ಈ ಸಾರಿ ಕಾಣ್ಲಿಲ್ಲ ಕಣವ್ವ" ಎಂದರು.

ನಾನೂ ನೋಡಿದೆ. ನನಗೂ ಕಾಣಲಿಲ್ಲ. ಕಾಣುವುದಾದರೂ ಹೇಗೆ? ನಮ್ಮ ಬೀದಿಯ ತುದಿಯ ಸರ್ಕಲ್ಲಿನಲ್ಲಿ ಆಗತಾನೇ ಹೈಮಾಸ್ಟ್ ದೀಪ ಬಂದಿತ್ತು. ಅದಕ್ಕಾಗಿ ಬೀದಿಯವರೆಲ್ಲ ಸೇರಿ ಮನವಿ ಕೊಟ್ಟಿದ್ದೆವು, ಬಂದ ದಿನ ಪೇಡೆ ಹಂಚಿದ್ದೆವು. ಅದರ ಬೆಳಕಿಗೆ ಕಾಗೆಗಳು ಮಧ್ಯರಾತ್ರಿ ಎದ್ದು ಕೂಗುತ್ತಿದ್ದವು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವಂತೆ, ಆಕಾಶ ತಿಳಿಯಾಗಿದ್ದರೂ ಸರ್ಕಲ್ಲು ಬಿಡಲಿಲ್ಲ. "ಅದು ಲೈಟಿನ ಬೆಳಕು ಅತ್ತೆ, ನನಗೂ ಕಾಣ್ತಿಲ್ಲ ನೋಡ್ರಿ" ಎಂದು ಸಮಾಧಾನ ಹೇಳಿದೆ. ಅತ್ತೆ ನಂಬಲಿಲ್ಲ. ಒಳಗೆ ಹೋಗಿ ಟ್ರಂಕು ತೆಗೆದರು.

ಮರುದಿನದಿಂದ ಅವರು ಹಂಚಲು ಶುರು ಮಾಡಿದರು. ಪಕ್ಕದ ಮನೆಯ ರತ್ನಮ್ಮನಿಗೆ ಒಂದು ರೇಷ್ಮೆ ಸೀರೆ ಹೋಯಿತು. ಜಗಳೂರಿನ ಕಡೆ ಹಳ್ಳಿಯಲ್ಲಿರುವ ಮಗಳು ಗೀತಾಳಿಗೆ ಅಂತ ಉಣ್ಣುವ ಕಂಚಿನ ಗಂಗಾಳ ಬೇರೆ ಇಟ್ಟರು. ನನ್ನನ್ನು ಅಡಿಗೆಮನೆಗೆ ಕರೆದು ಕೂರಿಸಿಕೊಂಡು, ಇಷ್ಟು ವರ್ಷ ನಾನು ಎಷ್ಟು ಕೇಳಿದರೂ "ಕೈ ಅಳತೆ ಕಣೆ" ಎಂದು ಹಾರಿಸುತ್ತಿದ್ದ ಮಾವಿನ ಮಿಡಿ ಉಪ್ಪಿನಕಾಯಿಯ ಅಳತೆಯನ್ನು ಅಚ್ಚುಕಟ್ಟಾಗಿ ಹೇಳಿಕೊಟ್ಟರು. ನನಗೆ ಮೊದಲು ಖುಷಿಯಾಯಿತು, ಆ ಖುಷಿ ಮುಗಿಯುವುದರೊಳಗೆ ಹೆದರಿಕೆಯಾಯಿತು. ಉಪ್ಪಿನಕಾಯಿ ಬಿಟ್ಟುಕೊಟ್ಟವರು ಇನ್ನು ಏನನ್ನಾದರೂ ಬಿಟ್ಟುಕೊಡುತ್ತಾರೆ. ನಾನು ಸೊಸೆ, ಅವರು ಅತ್ತೆ, ನಮ್ಮ ನಡುವೆ ಆಗಬೇಕಾದ ಜಗಳಗಳೆಲ್ಲ ಆಗಿವೆ. ಆದರೂ ಅವರಿಲ್ಲದ ಮನೆಯನ್ನು ನೆನೆಸಿಕೊಳ್ಳಲು ನನ್ನಿಂದಾಗದು.

ವಿಷಯ ಬಹಳ ಸರಳವಾಗಿತ್ತು. ಅತ್ತೆಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ತಪಾಸಣೆಗೆ ಹೋದಾಗ ಡಾಕ್ಟರು "ತೆಗೆಸಿದ್ರೆ ಆಯ್ತು, ಸಣ್ಣ ಆಪರೇಷನ್" ಎಂದು ಮೊದಲೇ ಹೇಳಿದ್ದರು. ಹಿಂದೆ ಕೆಲವು ದೇಶಗಳಲ್ಲಿ ಸೈನ್ಯಕ್ಕೆ ಸೇರುವವರ ಕಣ್ಣು ಪರೀಕ್ಷಿಸಲು ಇದೇ ಜೋಡಿ ನಕ್ಷತ್ರವನ್ನು ತೋರಿಸುತ್ತಿದ್ದರಂತೆ ಎಂದು ಎಲ್ಲೋ ಓದಿದ್ದೆ. ಅದನ್ನು ಅತ್ತೆಗೆ ಹೇಳಿದೆ, ಇದು ಕಣ್ಣಿನ ಪರೀಕ್ಷೆಯೇ ಹೊರತು ಆಯುಸ್ಸಿನ ಪರೀಕ್ಷೆಯಲ್ಲ ಎಂದು ಪಾಠ ಮಾಡಿದೆ. ಅತ್ತೆ ಒಳ್ಳೆಯ ವಿದ್ಯಾರ್ಥಿನಿಯಂತೆ ಪೂರ್ತಿ ಕೇಳಿಸಿಕೊಂಡು, "ಆರು ತಿಂಗಳ ಜೀವಕ್ಕೆ ಹೊಸ ಕಣ್ಣು ಯಾಕವ್ವ? ಸುಣ್ಣ ಹೊಡ್ಸಿ ಮನೆ ಖಾಲಿ ಮಾಡ್ದಂಗೆ" ಎಂದರು. ನಮ್ಮ ಮನೆಯವರು ಬಂದು ಕೂಗಾಡಿದಾಗ ಒಂದು ಮೆಟ್ಟಿಲು ಇಳಿದರು. "ಆತು, ಅರುಂಧತಿ ಕಂಡ್ರೆ ಆಪರೇಷನ್ ಮಾಡಿಸ್ಕಂತೀನಿ."

ಅರುಂಧತಿ ಕಾಣಬೇಕಾದರೆ ಆಪರೇಷನ್ ಆಗಬೇಕು, ಆಪರೇಷನ್ ಆಗಬೇಕಾದರೆ ಅರುಂಧತಿ ಕಾಣಬೇಕು. ಹುಚ್ಚು ಬಿಡೋವರೆಗೂ ಮದುವೆ ಆಗಲ್ಲ, ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ ಎಂಬ ಗಾದೆಯನ್ನು ನಾನು ಅಷ್ಟು ಹತ್ತಿರದಿಂದ ಕಂಡದ್ದು ಅದೇ ಮೊದಲು. ಉಳಿದಿದ್ದ ದಾರಿ ಒಂದೇ. ಪೊರೆ ಇನ್ನೂ ಪೂರ್ತಿ ಬಲಿತಿರಲಿಲ್ಲ. ಒಳ್ಳೆಯ ಕತ್ತಲೆಯಿರುವ ಜಾಗಕ್ಕೆ ಕರೆದುಕೊಂಡು ಹೋದರೆ ಅತ್ತೆಗೆ ಕಾಣಲೂಬಹುದು. ಮಳೆಗಾಲ ಶುರುವಾದರೆ ಆಕಾಶ ಮುಚ್ಚಿಹೋಗುತ್ತದೆ, ಮಳೆ ನಿಲ್ಲುವ ಹೊತ್ತಿಗೆ ಸಪ್ತರ್ಷಿಗಳು ಸಂಜೆಯ ಆಕಾಶದಲ್ಲಿ ಇರುವುದೇ ಇಲ್ಲ. ಬೇಸಿಗೆ ರಜೆ ಮುಗಿಯುವುದರೊಳಗೆ ಒಂದು ತಿಳಿಯಾದ ರಾತ್ರಿ, ಒಂದು ಕತ್ತಲೆಯ ಜಾಗ. ಅಷ್ಟೇ ಬೇಕಾಗಿದ್ದದ್ದು. ನನ್ನ ಜಾತಕದ ವಿಷಯ ಆಗಲೇ ಹೇಳಿದ್ದೇನೆ.

ಮೊದಲು ಹೊರಟದ್ದು ಕತ್ತಲಗೆರೆಯ ಕಡೆಗೆ. ಹೆಸರಿನಲ್ಲೇ ಕತ್ತಲೆ ಇದೆ ಎಂಬುದೊಂದೇ ನಮ್ಮ ಮನೆಯವರ ತರ್ಕ. ಹೋಗಿ ನೋಡಿದರೆ ರಸ್ತೆಯ ಎರಡೂ ಕಡೆ ಭತ್ತದ ಕೊಯ್ಲು. ಕೊಯ್ಯುವ ಯಂತ್ರಗಳು ದೊಡ್ಡ ದೊಡ್ಡ ದೀಪ ಹಾಕಿಕೊಂಡು ಗದ್ದೆ ತುಂಬ ಓಡಾಡುತ್ತಿದ್ದವು. ಅಷ್ಟು ಬೆಳಕು ಚನ್ನಗಿರಿಯಲ್ಲೂ ಇರಲಿಲ್ಲ. ದೂಳಿಗೆ ಸೀನುತ್ತ ವಾಪಸ್ ಬಂದೆವು.

ಇನ್ನೊಂದು ದಿನ ಸಂಜೆ ಮಳೆ ಹನಿದು ಆಕಾಶ ಸ್ವಚ್ಛವಾಗಿತ್ತು, ಅದೇ ಮಳೆಗೆ ಊರಿನ ಕರೆಂಟೂ ಹೋಗಿತ್ತು. ಹೈಮಾಸ್ಟ್ ಸತ್ತು ಮಲಗಿತ್ತು. ಇಂಥ ಯೋಗ ಮತ್ತೆ ಬರುತ್ತದೆಯೇ? ಅತ್ತೆಯ ಕೈ ಹಿಡಿದುಕೊಂಡು ಮೆಟ್ಟಿಲು ಹತ್ತಿಸಿದೆ. ತಾರಸಿಯ ಬಾಗಿಲಿಗೆ ಬೀಗ. ಬೀಗದ ಕೈ ಎಲ್ಲಿ? ನಮ್ಮ ಮನೆಯವರು ನ್ಯಾಮತಿಯ ಒಂದು ಸೊಸೈಟಿಯಲ್ಲಿ ಗುಮಾಸ್ತರು. ಮನೆಯ ಕೀಲಿಗಳನ್ನೆಲ್ಲ ಒಂದೇ ಗೊಂಚಲು ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವುದು ಅವರ ಅಭ್ಯಾಸ. ಫೋನ್ ಮಾಡಿದೆ. "ಇನ್ನೂ ನ್ಯಾಮತಿ ಬಸ್‌ಸ್ಟ್ಯಾಂಡಲ್ಲೇ ಅದೀನಿ, ಬಸ್ ಹೋತು" ಎಂದವರು, ಸುಮ್ಮನಿರಲಾರದೆ, "ಇಲ್ಲಿ ಆಕಾಶ ಏನ್ ಚೆಂದ ಐತೆ ಅಂತೀಯ, ಒಂದ್ ಮೋಡ ಇಲ್ಲ!" ಎಂದು ಸೇರಿಸಿದರು. ಅವರು ಬಂದು ಬೀಗ ತೆಗೆಯುವುದಕ್ಕೂ ಸರ್ಕಲ್ಲಿನ ದೀಪ ಧಗ್ಗನೆ ಹತ್ತಿಕೊಳ್ಳುವುದಕ್ಕೂ ಸರಿಹೋಯಿತು. ಬೀದಿಯವರೆಲ್ಲ "ಹೋ" ಎಂದು ಸಂತೋಷದಿಂದ ಕೂಗಿದರು. ಅಂದಿನಿಂದ ತಾರಸಿಯ ಕೀಲಿ ದೇವರ ಗೂಡಿನಲ್ಲಿದೆ.

ಬೀಗದ ಕಾಟ ಮುಗಿದ ಮೇಲೆ ಇನ್ನೊಂದು ರಾತ್ರಿ, ಸರ್ಕಲ್ಲಿನ ದೀಪ ಹತ್ತದೆ ನಿಂತಾಗ, ರತ್ನಮ್ಮನ ಸರದಿ. ಅವರ ತಾರಸಿಯ ಬಲ್ಬು ನೇರವಾಗಿ ನಮ್ಮ ಕಣ್ಣಿಗೇ ಹೊಡೆಯುತ್ತಿತ್ತು. "ಸ್ವಲ್ಪ ಹೊತ್ತು ಆರಿಸ್ರಿ, ಅತ್ತೆಗೆ ನಕ್ಷತ್ರ ತೋರಿಸ್ಬೇಕು" ಎಂದು ಕೇಳಿದೆ. ಆರಿಸಿದರು, ಪುಣ್ಯಾತ್ಮರು. ಆರಿಸಿ, ನಕ್ಷತ್ರ ನೋಡುವವರು ಬರಿಗೈಯಲ್ಲಿ ಕೂರಬಾರದೆಂದು ಒಂದು ಪಾತ್ರೆ ತುಂಬ ಮಂಡಕ್ಕಿ ಒಗ್ಗರಣೆ ಹಾಕಿಕೊಂಡು, ಮಿರ್ಚಿ ಕರಿದುಕೊಂಡು, ತಮ್ಮ ಅಕ್ಕನನ್ನೂ ಕರೆದುಕೊಂಡು ನಮ್ಮ ತಾರಸಿಗೇ ಬಂದರು. ಮಂಡಕ್ಕಿ ತಿನ್ನುವವರು ತಟ್ಟೆ ನೋಡುತ್ತಾರೆ, ಆಕಾಶ ನೋಡುವುದಿಲ್ಲ. ಮಿರ್ಚಿಯಲ್ಲಿ ಖಾರ ಎಲ್ಲಿ ಸೇರಿದೆ ಎಂದು ಕಾಣಬೇಕಲ್ಲ, ಮೊಬೈಲಿನ ಟಾರ್ಚುಗಳು ಹತ್ತಿದವು. ಅತ್ತೆ ಬಹಳ ದಿನಗಳ ಮೇಲೆ ನಕ್ಕು ಮಾತಾಡುತ್ತಿದ್ದರಿಂದ ನನಗೂ ಏಳಿಸಲು ಮನಸ್ಸಾಗಲಿಲ್ಲ. ಪಾತ್ರೆ ಖಾಲಿಯಾಗುವ ಹೊತ್ತಿಗೆ ಉತ್ತರದಲ್ಲಿ ಮೋಡ ಬಂದಿತ್ತು. "ಅಯ್ಯ, ನಕ್ಷತ್ರ ನೋಡೋದೇ ಮರ್ತೆವು ಟೀಚರ್!" ಎಂದು ರತ್ನಮ್ಮ ನನಗಿಂತ ಹೆಚ್ಚು ನೊಂದುಕೊಂಡರು.

ಆದರೆ ಇವೆಲ್ಲ ಸಣ್ಣಪುಟ್ಟವು. ದೊಡ್ಡ ಪೆಟ್ಟು ಬಿದ್ದದ್ದು ಹೊನ್ನಾಳಿಯಲ್ಲಿ. ಬಸವ ಜಯಂತಿಗೆ ಅತ್ತೆಯ ತಮ್ಮನ ಮನೆಗೆ ಕರೆದಿದ್ದರು. ಊರಾಚೆ ಹೊಳೆಯ ಕಡೆ ಅವರ ಮನೆ, ಅದರಾಚೆ ಬರೀ ಗದ್ದೆ ಬಯಲು, ಬೀದಿದೀಪ ಕೊನೆಯಾಗುವುದೇ ಅವರ ಮನೆಯ ಮುಂದೆ. ತದಿಗೆಯ ಚಂದ್ರ ಬೇಗ ಮುಳುಗುತ್ತಾನೆ. ಹಗಲಲ್ಲೇ ಹೋಗಿ ಜಾಗ ನೋಡಿಕೊಂಡು ಬಂದೆ, ಚಾಪೆ ಎಲ್ಲಿ ಹಾಸಬೇಕು ಎಂದು ಗುರುತು ಮಾಡಿದೆ. ಸಂಜೆಯಾಯಿತು, ಆಕಾಶ ನಾನು ಹೇಳಿ ಮಾಡಿಸಿದ ಹಾಗಿತ್ತು. "ಊಟ ಮಾಡ್ಕಂಡು ಹೋಗಿ ನೋಡ್ರಿ, ನಕ್ಷತ್ರ ಎಲ್ಲಿ ಹೋಗ್ತಾವೆ?" ಎಂದರು ಮನೆಯ ಯಜಮಾನಿ. ಹಬ್ಬದ ಮನೆಯಲ್ಲಿ ಊಟ ಮುಂದಕ್ಕೆ ಹಾಕುತ್ತೇನೆ ಎನ್ನಲು ನನಗೇನು ಹುಚ್ಚೇ?

ಬೇಳೆ ಹೋಳಿಗೆ. ಅದರ ಮೇಲೆ ತುಪ್ಪ. ಅದರ ಜೊತೆ ಮಾವಿನ ಹಣ್ಣಿನ ಸೀಕರಣೆ. ಒಂದು ಮುಗಿಯುವುದರೊಳಗೆ ಇನ್ನೊಂದು ಎಲೆಗೆ ಬೀಳುತ್ತಿತ್ತು. ಕೈ ಅಡ್ಡ ಇಟ್ಟರೆ ಕೈಯ ಮೇಲೇ ಹಾಕುವ ಜನ. "ಹೊಳಿ ದಂಡಿ ಮನೆಗೆ ಬಂದು ಇಷ್ಟೇನಾ ಉಣ್ಣಾದು?" ಎಂದು ನಮ್ಮನ್ನು ನಾಚಿಸಿದರು. ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಂಡು, ಇನ್ನೇನು ಏಳಬೇಕು, ಒಂದು ಗಳಿಗೆ ಬೆನ್ನು ನೆಟ್ಟಗೆ ಮಾಡಿಕೊಳ್ಳೋಣ ಎಂದು ಪಡಸಾಲೆಯಲ್ಲಿ ಒರಗಿದೆವು. ಕಣ್ಣು ಬಿಟ್ಟಾಗ ಯಾರೋ ಅಂಗಳಕ್ಕೆ ನೀರು ಹಾಕುತ್ತಿದ್ದರು. ಪೂರ್ವ ಕೆಂಪಾಗಿತ್ತು, ಒಂದೇ ಒಂದು ನಕ್ಷತ್ರ ಉಳಿದಿತ್ತು, ಅದೂ ಸೂರ್ಯ. ಪಕ್ಕದಲ್ಲಿ ಅತ್ತೆ ನನಗಿಂತ ಜೋರಾಗಿ ಗೊರಕೆ ಹೊಡೆಯುತ್ತಿದ್ದರು.

ಬಸ್ಸಿನಲ್ಲಿ ವಾಪಸ್ ಬರುವಾಗ ನನಗೆ ಅಳು ಬರುವುದೊಂದು ಬಾಕಿ. ಯೋಚಿಸಿ ನೋಡಿ: ಅರುಂಧತಿಯಿಂದ ಹೊರಟ ಬೆಳಕು ನಮ್ಮ ಬಳಿ ತಲುಪಲು ಹೆಚ್ಚುಕಡಿಮೆ ಎಂಬತ್ತು ವರ್ಷ ಬೇಕು. ಅಂದರೆ ಅತ್ತೆ ತೊಟ್ಟಿಲಲ್ಲಿ ಮಲಗಿದ್ದ ಕಾಲಕ್ಕೆ ಹೊರಟದ್ದು. ದಾರಿಯಲ್ಲಿ ಎಲ್ಲೂ ನಿಲ್ಲದೆ, ಅವರು ಹಲ್ಲು ಕಟ್ಟುವಾಗ, ಮದುವೆಯಾಗುವಾಗ, ಮಕ್ಕಳನ್ನು ಹೆರುವಾಗ, ನನ್ನ ಜೊತೆ ಜಗಳವಾಡುವಾಗ, ಉದ್ದಕ್ಕೂ ಓಡಿ ಓಡಿ ಬಂದು, ಇನ್ನೇನು ಅವರ ಕಣ್ಣಿಗೆ ಬೀಳಬೇಕು, ಅಷ್ಟರಲ್ಲಿ ಹೋಳಿಗೆ ಅಡ್ಡ ಬಂತು. ಆ ಬೆಳಕು ಹೊನ್ನಾಳಿಯ ಹಂಚಿನ ಮೇಲೆ ಬಿದ್ದು ವ್ಯರ್ಥವಾಯಿತು. ಇದನ್ನು ನಮ್ಮ ಮನೆಯವರಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಗಂಭೀರವಾಗಿ ಯೋಚಿಸಿ, "ಸೀಕರಣೆ ಕಮ್ಮಿ ತಿನ್ಬೇಕಿತ್ತು" ಎಂದರು.

ಇನ್ನು ಜಗಳೂರೊಂದೇ ಉಳಿದಿತ್ತು. ಗೀತಾಳ ಮನೆ ಇರುವುದು ಊರಿನಿಂದ ಆಚೆ, ಹೊಲದಲ್ಲೇ. ಶೇಂಗಾ, ಮೆಕ್ಕೆಜೋಳ ಬೆಳೆಯುವ ನೆಲ. ಬೇಸಿಗೆಯಲ್ಲಿ ಎಲ್ಲಿ ನೋಡಿದರೂ ಬಟ್ಟಬಯಲು, ಸಂಜೆ ದೀಪ ಆರಿಸಿದರೆ ಕೈಗೆ ಕೈ ಕಾಣದ ಕತ್ತಲೆ. ಪಂಚಾಂಗ ನೋಡಿ, ಅಮಾವಾಸ್ಯೆಯ ದಿನ ಹೋಗೋಣ ಎಂದೆ. ನಕ್ಷತ್ರ ನೋಡಲು ಅಮಾವಾಸ್ಯೆಗಿಂತ ಒಳ್ಳೆಯ ದಿನ ಇಲ್ಲ ಎಂದು ಯಾವ ಪುಸ್ತಕ ತೆಗೆದರೂ ಬರೆದಿರುತ್ತದೆ. ಅತ್ತೆ ನನ್ನನ್ನು ಕನಿಕರದಿಂದ ನೋಡಿದರು. "ಅಮಾಸೆ ದಿನ ಮಗಳ ಮನಿಗೆ ಹೋಗಾಕೆ ಬರ್ತೈತಾ? ಓದಿದಾಕಿ ನೀನು." ಮರುದಿನ ಪಾಡ್ಯ, ಪ್ರಯಾಣಕ್ಕೆ ಆಗದು. ಬಿದಿಗೆಯ ದಿನ ಗೀತಾಳ ಗಂಡ ಊರಲ್ಲಿರಲಿಲ್ಲ, ಅಳಿಯ ಇಲ್ಲದಾಗ ಹೋಗುವುದು ಮರ್ಯಾದೆಯಲ್ಲ. ನಮ್ಮ ಹಿರಿಯರು ಆಕಾಶವನ್ನು ಅಷ್ಟು ಚೆನ್ನಾಗಿ ಲೆಕ್ಕ ಹಾಕಿದ್ದು ಯಾವ ದಿನ ಮನೆಯಲ್ಲೇ ಕೂರಬೇಕು ಎಂದು ತಿಳಿಯುವುದಕ್ಕೇ ಇರಬೇಕು ಎಂದು ನನಗೆ ಆಗ ಅನ್ನಿಸಿತು. ಅಂತೂ ತದಿಗೆ ಕಳೆದು, ಚಂದ್ರ ಮುಳುಗಿದ ಮೇಲೆ ನೋಡಿದರಾಯಿತೆಂದು, ಅತ್ತೆ, ನಾನು, ನಮ್ಮ ಮನೆಯವರು, ಕಂಚಿನ ಗಂಗಾಳ ಇಷ್ಟೂ ಬಸ್ಸು ಹತ್ತಿದೆವು.

ಗೀತಾಳಿಗೆ ಫೋನಿನಲ್ಲೇ ಹೇಳಿದ್ದೆ: ಹೋಳಿಗೆ ಮಾಡಕೂಡದು. ರೊಟ್ಟಿ, ಬದನೆಕಾಯಿ ಪಲ್ಯ ಮಾಡಿದ್ದಳು. ಅದೂ ಆಮೇಲೆ ಎಂದೆ. ಅವರ ಹೊಲದಲ್ಲಿ ಆ ವಾರ ಕುರಿ ತರುಬಿದ್ದರು. ಗೊಬ್ಬರಕ್ಕೆಂದು ಕುರಿಮಂದೆಯನ್ನು ರಾತ್ರಿ ಹೊಲದಲ್ಲೇ ನಿಲ್ಲಿಸಿಕೊಳ್ಳುವುದು ಅಲ್ಲಿಯ ರೂಢಿ. ಕುರಿಗಳಿಗೆ ನಾವು ಬೇಡವಾಗಿದ್ದೆವು, ಕುರಿ ಕಾಯುವ ನಾಯಿಗಳಿಗೆ ಮಾತ್ರ ಬಹಳ ಬೇಕಾಗಿದ್ದೆವು. ಗೀತಾ ಗದರಿಸಿ ಅವನ್ನು ಸುಮ್ಮನಾಗಿಸಿದಳು. ಬದುವಿನ ಮೇಲೆ ಚಾಪೆ ಹಾಸಿದೆವು. ನಮ್ಮ ಮನೆಯವರು ನಕ್ಷತ್ರ ತೋರಿಸುವ ಆ್ಯಪು ತೆಗೆದು ಮೊಬೈಲನ್ನು ಆಕಾಶಕ್ಕೆ ಹಿಡಿದರು. ಹೊಂದಿಕೊಳ್ಳುತ್ತಿದ್ದ ಕಣ್ಣಿಗೆಲ್ಲ ಮತ್ತೆ ಬೆಳಕು ಹೊಡೆಯಿತು. "ಅಣ್ಣ, ಮೊದ್ಲು ಅದನ್ನ ಒಳಗಿಡು" ಎಂದು ಗೀತಾ ರೇಗಿದಳು. ಇಟ್ಟರು.

ಆಮೇಲೆ ಆಕಾಶ ನಿಧಾನವಾಗಿ ತುಂಬಿಕೊಂಡಿತು. ನಾನು ಅಷ್ಟು ನಕ್ಷತ್ರಗಳನ್ನು ಒಟ್ಟಿಗೆ ನೋಡಿ ಎಷ್ಟು ಕಾಲವಾಗಿತ್ತೋ. ಬೀದಿಯಿಲ್ಲ, ಬಲ್ಬಿಲ್ಲ, ಮೋಡವಿಲ್ಲ, ನೆಂಟರಿಲ್ಲ, ನೆಂಟರು ನಾವೇ. ಎತ್ತರದಲ್ಲಿ ಏಳು ಋಷಿಗಳೂ ಸರಿಯಾಗಿ ಕೂತಿದ್ದರು. ಅತ್ತೆ ಎರಡೂ ಕೈ ಜೋಡಿಸಿ ಮೇಲೆ ನೋಡಿದರು. ಬಹಳ ಹೊತ್ತಾದ ಮೇಲೆ ಅತ್ತೆ ಕೈ ಬಿಟ್ಟರು.

"ಇಲ್ಲವ್ವ. ವಸಿಷ್ಠರೇ ಮಸುಕು ಮಸುಕು."

"ಅಲ್ಲೇ ಐತಲ್ಲವ್ವ," ಎಂದಳು ಗೀತಾ, "ವಸಿಷ್ಠರ ಮಗ್ಗಲಲ್ಲೇ, ಸಾಸ್ವಿ ಕಾಳಿನಷ್ಟು. ಅತ್ತಿಗೆ, ನೀನಾದ್ರೂ ಹೇಳು, ಐತಲ್ಲ?"

ನಾನು ನೋಡುತ್ತಿದ್ದೆ. ವಸಿಷ್ಠನನ್ನೇ ದಿಟ್ಟಿಸಿ ನೋಡುತ್ತಿದ್ದೆ. ಅವನು ಹತ್ತಿಯ ಉಂಡೆಯ ಹಾಗೆ ಅಂಚಿಲ್ಲದೆ ಹರಡಿಕೊಂಡಿದ್ದ. ಕಣ್ಣು ಕಿರಿದು ಮಾಡಿದೆ, ಒಂದು ಕಣ್ಣು ಮುಚ್ಚಿ ನೋಡಿದೆ, ತಲೆ ಓರೆ ಮಾಡಿದೆ. ಮಗ್ಗುಲಲ್ಲಿ ಯಾರೂ ಇರಲಿಲ್ಲ. ಹಿಂದಿನ ಬೆಂಚಿನ ಮಕ್ಕಳು ಕೈ ಎತ್ತಿದರೂ ನನಗೆ ಕಾಣುವುದಿಲ್ಲವೆಂದು ಅವರು ದೂರುತ್ತಿದ್ದದ್ದು, ಬಸ್ಸಿನ ಬೋರ್ಡು ಓದಲು ನಾನು ಪಕ್ಕದವರನ್ನು ಕೇಳುತ್ತಿದ್ದದ್ದು, ಎಲ್ಲ ಒಟ್ಟಿಗೆ ನೆನಪಾಯಿತು. ಹೈಮಾಸ್ಟ್, ಬೀಗ, ಮಿರ್ಚಿ, ಸೀಕರಣೆ ಎಂದು ಊರೆಲ್ಲ ಹುಡುಕಿ ದೂರಿದ್ದೆ. ನನಗೆ ಅಡ್ಡ ಬಂದದ್ದು ನನ್ನ ಮೂಗಿನ ಆಚೀಚೆಯ ಎರಡು ಕಣ್ಣುಗಳೇ.

"ಸುಮಿತ್ರಾ," ಎಂದರು ಅತ್ತೆ. ಅವರು ನನ್ನ ಹೆಸರು ಹಿಡಿದು ಕರೆಯುವುದೇ ಅಪರೂಪ. "ನಿನಗೆ ಕಾಣ್ತೈತಾ?"

ಕಾಣುತ್ತದೆ ಎಂದರೆ ಮುಗಿಯುತ್ತಿತ್ತು. ಆದರೆ ಅತ್ತೆ ಕತ್ತಲಲ್ಲೂ ನನ್ನ ಮುಖವನ್ನೇ ನೋಡುತ್ತಿದ್ದರು.

"ಇಲ್ಲ ಅತ್ತೆ," ಎಂದೆ. "ನನಗೂ ಕಾಣ್ತಿಲ್ಲ."

ಕುರಿಯೊಂದು ಕೆಮ್ಮಿತು. ತನ್ನ ಸಾವಿನ ಸುದ್ದಿಯನ್ನು ಉಪ್ಪು ಮುಗಿದ ಸುದ್ದಿಯ ಹಾಗೆ ಹೇಳಿದ್ದ ಆ ಹೆಂಗಸು ನನ್ನ ಮುಂಗೈಯನ್ನು ಎಷ್ಟು ಬಿಗಿಯಾಗಿ ಹಿಡಿದುಕೊಂಡರೆಂದರೆ ಬಳೆ ಒತ್ತಿ ನೋವಾಯಿತು.

"ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗಾಣ."

"ಎಲ್ಲಿಗೆ?"

"ಕಣ್ಣಿನ ಡಾಕ್ಟ್ರ ಹತ್ರ. ಏನಿದ್ರೂ ಕಣ್ಣಿಂದೇ ಇರ್ಬೇಕು ಇದು. ನಿನ್ನ ವಯಸ್ಸಿಗೆ ಬೇರೆ ಏನಾಗಾಕೆ ಸಾಧ್ಯ?"

ಎರಡು ತಿಂಗಳಿಂದ ನಾನು ಪುಸ್ತಕ ಹಿಡಿದು ಹೇಳಿದ್ದನ್ನೇ ಅತ್ತೆ ಈಗ ನನಗೆ ಹೇಳುತ್ತಿದ್ದರು. ಅವರ ಪಾಲಿಗೆ ಆಯುಸ್ಸಿನ ಪರೀಕ್ಷೆಯಾಗಿದ್ದ ನಕ್ಷತ್ರ ಸೊಸೆಯ ಪಾಲಿಗೆ ಬರುತ್ತಲೇ ಬರೀ ಕಣ್ಣಿನ ಪರೀಕ್ಷೆಯಾಗಿಬಿಟ್ಟಿತ್ತು. ಅವರ ಹಿಡಿತದಿಂದ ಕೈ ಬಿಡಿಸಿಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಆದರೂ ಮೇಷ್ಟ್ರ ಬುದ್ಧಿ ಬಿಡಲಿಲ್ಲ. "ನೀವೂ ತೋರಿಸ್ಕಂಡ್ರೆ ನಾನೂ ತೋರಿಸ್ತೀನಿ. ಇಲ್ಲಾಂದ್ರೆ ಇಲ್ಲ" ಎಂದೆ.

"ಹಟಮಾರಿ," ಎಂದರು ಅತ್ತೆ. "ಆತು, ನನ್ನವೂ ತೆಗೀಲಿ ಅತ್ಲಾಗೆ."

ದಾವಣಗೆರೆಯ ಆಸ್ಪತ್ರೆಯಲ್ಲಿ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತೆವು. ನನಗೆ ಕನ್ನಡಕ ಬಂತು, ಅತ್ತೆಗೆ ಒಂದೊಂದಾಗಿ ಎರಡೂ ಕಣ್ಣಿನ ಪೊರೆ ಹೋಯಿತು. ಕಪ್ಪು ಕನ್ನಡಕ ತೆಗೆದ ದಿನ ಅವರು ಹೊಸ ಕಣ್ಣಿನಿಂದ ಮೊದಲು ನೋಡಿದ್ದು ಅಡಿಗೆಮನೆಯ ಅಟ್ಟದ ಮೂಲೆಯ ಜೇಡರ ಬಲೆ, ಆಮೇಲೆ ನನ್ನನ್ನು. ನಮ್ಮ ಜಗಳಗಳು ಮೊದಲಿನಂತೆ ಸರಾಗವಾಗಿ ಶುರುವಾದವು. ಅಷ್ಟರಲ್ಲಿ ಮಳೆಗಾಲ ಬಂದು ಆಕಾಶ ಬಾಗಿಲು ಹಾಕಿಕೊಂಡಿತು. ಮಳೆ ನಿಂತಾಗ ಸಪ್ತರ್ಷಿಗಳು ಸಂಜೆಯ ಪಾಳಿ ಮುಗಿಸಿ ಹೋಗಿದ್ದರು. ಆ ಕಾಲದಲ್ಲಿ ಸಂಜೆ ಅರುಂಧತಿ ಯಾರಿಗೂ ಕಾಣುವುದಿಲ್ಲ. ಹಿರಿಯರ ಮಾತನ್ನು ಅಕ್ಷರಶಃ ಹಿಡಿದರೆ ವರ್ಷವರ್ಷವೂ ಇಡೀ ಜಿಲ್ಲೆಯೇ ಖಾಲಿಯಾಗಬೇಕಿತ್ತು. ಆರು ತಿಂಗಳು ತುಂಬಿದ್ದು ಮಹಾನವಮಿಯ ಗಡಿಬಿಡಿಯಲ್ಲಿ ಯಾರಿಗೂ ನೆನಪಾಗಲಿಲ್ಲ.

ಮೊನ್ನೆ ಸರ್ಕಲ್ಲಿನ ಹೈಮಾಸ್ಟ್ ಕೆಟ್ಟು ನಿಂತಿತ್ತು. ಯಾರೂ ಇನ್ನೂ ದೂರು ಕೊಟ್ಟಿರಲಿಲ್ಲ, ನಾನಂತೂ ಕೊಡುವವಳಲ್ಲ. ತಾರಸಿ ಹತ್ತಿ ಕನ್ನಡಕ ಒರೆಸಿ ಹಾಕಿಕೊಂಡು ಉತ್ತರಕ್ಕೆ ತಿರುಗಿದೆ. ಸೌಟು ಆಗತಾನೇ ಮೇಲೇಳುತ್ತಿತ್ತು. ಹಿಡಿಯ ನಡುವೆ ವಸಿಷ್ಠ, ಅವನ ಮಗ್ಗುಲಲ್ಲಿ, ಅಯ್ಯೋ ಇಷ್ಟು ಸ್ಪಷ್ಟವಾಗಿ ಇದ್ದಾಳಲ್ಲ, ಸಾಸಿವೆ ಕಾಳಿನಷ್ಟು ಅರುಂಧತಿ! ಈ ವಯಸ್ಸಿನಲ್ಲಿ ಚಪ್ಪಾಳೆ ತಟ್ಟಿದೆ. ಮೆಟ್ಟಿಲ ಬಾಯಿಗೆ ಓಡಿ, "ಅತ್ತೆ, ಬೇಗ ಬನ್ರಿ! ಕಾಣ್ತೈತೆ, ಚೆನ್ನಾಗಿ ಕಾಣ್ತೈತೆ!" ಎಂದು ಕೂಗಿದೆ.

ಕೆಳಗೆ ರೊಟ್ಟಿ ಬಡಿಯುವ ಸದ್ದು ಒಂದು ಕ್ಷಣ ನಿಂತಿತು.

"ನಾಳೆ ನೋಡಿದ್ರಾತು ತಗಾ," ಎಂದು ಅತ್ತೆ ಕೂಗಿದರು. "ಅದೇನ್ ಓಡಿ ಹೋಗ್ತೈತಾ? ರೊಟ್ಟಿ ಆರ್ತಾವೆ, ಇಳಿದು ಬಾ."

ಸದ್ದು ಮತ್ತೆ ಶುರುವಾಯಿತು. ಮೇಲೆ ಒಂದು ಮೋಡವಿರಲಿಲ್ಲ, ಸರ್ಕಲ್ಲಿನಲ್ಲಿ ದೀಪವಿರಲಿಲ್ಲ. ಇಂಥ ರಾತ್ರಿಯನ್ನು ರೊಟ್ಟಿಗಾಗಿ ಬಿಟ್ಟುಕೊಡಬೇಕಾದರೆ ಮುಂದೆ ಇನ್ನೂ ಬೇಕಾದಷ್ಟು ರಾತ್ರಿಗಳಿವೆ ಎಂಬ ಧೈರ್ಯ ಇರಬೇಕು. ಆ ಧೈರ್ಯ ಇಲ್ಲದವರು ಮಾತ್ರ ಆಕಾಶದ ಹಿಂದೆ ಊರೂರು ಅಲೆಯುತ್ತಾರೆ. ನಮ್ಮತ್ತೆಗೆ ಅರುಂಧತಿ ಈಗ ಕಾಣುತ್ತಾಳೋ ಇಲ್ಲವೋ ನನಗಿನ್ನೂ ಗೊತ್ತಿಲ್ಲ. ಗೊತ್ತಾಗಲೇಬೇಕೆಂಬ ಆತುರವೂ ಹೋಗಿದೆ. ತಾರಸಿಯ ಬಾಗಿಲು ಎಳೆದುಕೊಂಡು ಕೆಳಗಿಳಿದೆ. ರೊಟ್ಟಿ ಬಿಸಿಯಾಗಿತ್ತು.